ಗಾಡಿ ಬೇಕೆ, ಕಂಕುಳು ಸಾಕೆ?

ದಸರಾ ರಜೆಗೆ ಇನ್ನೂ ಎಂಟು ದಿನವಿತ್ತು. ಶಿವಮೊಗ್ಗದ ಒಂದು ಮನೆಯಲ್ಲಿ ನಾಲ್ಕು ದಿನದ ಮೈಸೂರು ಪ್ರವಾಸದ ಸಿದ್ಧತೆ ನಡೆದಿತ್ತು. ಜಂಬೂಸವಾರಿಯ ನೂಕುನುಗ್ಗಲು ಮುಗಿದ ಮೇಲೆ ಹೊರಡುವುದೆಂದು ನಿಶ್ಚಯವಾಗಿತ್ತು. ರೈಲಿನ ಟಿಕೆಟ್ ಆಗಿತ್ತು, ಲಾಡ್ಜಿಗೆ ಫೋನ್ ಆಗಿತ್ತು, ಚಕ್ಕುಲಿ-ಕೋಡುಬಳೆಯ ಡಬ್ಬವೂ ತುಂಬಿತ್ತು. ತಕರಾರು ಎದ್ದದ್ದು ಅಟ್ಟದಿಂದ ಇಳಿದ ಒಂದು ಗಾಡಿಯ ಬಗ್ಗೆ. ಬೇಸಿಗೆಯಲ್ಲಿ ಅಮೆರಿಕದಿಂದ ಬಂದಿದ್ದ ಚಿಕ್ಕಪ್ಪನ ಸಂಸಾರ ವಾಪಸು ಹೋಗುವಾಗ ಬಿಟ್ಟುಹೋಗಿದ್ದ ಮಕ್ಕಳ ಗಾಡಿ ಅದು. ಕೊಡೆಯ ಹಾಗೆ ಮಡಚಿ ಮೂಲೆಯಲ್ಲಿ ನಿಲ್ಲಿಸಬಹುದಾದ, ಸ್ಟ್ರಾಲರ್ ಎಂದು ಕರೆಯುವ ಗಾಡಿ. ಮನೆಯ ಕಿರಿಯ ಹುಡುಗನಿಗೆ ನಾಲ್ಕು ವರ್ಷ, ಎಲ್‌ಕೆಜಿ. ನಡೆಯುತ್ತಾನೆ, ಓಡುತ್ತಾನೆ, ಕಣ್ಣು ತಪ್ಪಿಸಿ ಕಾಂಪೌಂಡ್ ಗೋಡೆಯನ್ನೂ ಹತ್ತುತ್ತಾನೆ. ಇಂಥವನಿಗೆ ಗಾಡಿ ಬೇಕೆ?

"ನಡೆಯೋ ಹುಡುಗನಿಗೆ ಗಾಡಿ ಯಾಕೋ?" ಎಂದು ಅಜ್ಜಿ ಮಗನನ್ನು ಕೇಳಿದರು. "ನಿನ್ನನ್ನ ಕೊಲ್ಲೂರು, ಶೃಂಗೇರಿ, ಧರ್ಮಸ್ಥಳ ಎಲ್ಲಾ ಸುತ್ತಿಸಿಲ್ವಾ? ಆಗ ಯಾವ ಗಾಡಿ ಇತ್ತು?"

"ಆಗ ಇವರನ್ನ ಎತ್ತಿಕೊಂಡಿದ್ದು ಯಾರು ಅತ್ತೆ?" ಎಂದಳು ಸೊಸೆ, ಬಟ್ಟೆ ಮಡಚುತ್ತಲೇ.

ಅಜ್ಜಿ ಒಂದು ಕ್ಷಣ ಸುಮ್ಮನಾದರು. "ಇನ್ಯಾರು ಎತ್ಕೋತಾರೆ? ನಾನೇ. ಬಂದ ಮೇಲೆ ಎಂಟು ದಿನ ಸೊಂಟ ಹಿಡ್ಕೊಂಡಿತ್ತು" ಎಂದು ತಾವೇ ನಕ್ಕರು.

ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಪ್ರವಾಸ ಹೊರಡುವ ಎಷ್ಟೋ ಮನೆಗಳಲ್ಲಿ ಈಗ ಈ ಚರ್ಚೆ ನಡೆಯುತ್ತದೆ. ಸಾಮಾನ್ಯವಾಗಿ ಅದು ಮಗುವಿನ ವಯಸ್ಸಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಎರಡು ವರ್ಷವಾದರೆ ಬೇಕು, ಐದಾದರೆ ಬೇಡ; ಮೂರು, ನಾಲ್ಕಾದರೆ ಏನು ಮಾಡುವುದು? ಆದರೆ ವಯಸ್ಸು ಇಲ್ಲಿ ಅರ್ಧ ಪ್ರಶ್ನೆ ಮಾತ್ರ. ನಾಲ್ಕು ವರ್ಷದ ಮಗು ನಡೆಯಬಲ್ಲುದು ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಅದು ನಡೆಯಲಾರೆನೆಂದು ಕುಳಿತ ಗಳಿಗೆಯಲ್ಲಿ ಎತ್ತಿಕೊಳ್ಳುವವರು ಯಾರು ಎಂಬುದು ಉಳಿದರ್ಧ.

ಈ ಮನೆಯವರಿಗೆ ಅದರ ಉತ್ತರ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಹಿಂದಿನ ವರ್ಷ ಇದೇ ಸಂಸಾರ ಹಂಪಿಗೆ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ವಿಜಯ ವಿಠ್ಠಲ ದೇವಾಲಯ ತಲುಪುವಾಗ ಹುಡುಗ ನಿದ್ದೆಗೆ ಜಾರಿದ್ದ. ಅಮ್ಮನ ಕೈ ಸೋತಿತ್ತು, ಅಪ್ಪನ ಹೆಗಲಿನಲ್ಲಿ ಚೀಲಗಳಿದ್ದವು. ಆಗ ಎಂಟನೇ ತರಗತಿಯಲ್ಲಿದ್ದ ಅಕ್ಕ, "ನಾನು ಕೂತಿರ್ತೀನಿ, ನೀವು ನೋಡ್ಕೊಂಡು ಬನ್ನಿ" ಎಂದು ತಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಗೆ ನೆರಳಿನಲ್ಲಿ ಕುಳಿತಳು. ದೊಡ್ಡವರು ನೋಡಿ ಬರುವಷ್ಟರಲ್ಲಿ ಹೊರಡುವ ಹೊತ್ತಾಯಿತು. ರಜೆ ಕಳೆದು ಶಾಲೆ ತೆರೆದಾಗ ಮೇಷ್ಟರು ಪ್ರವಾಸದ ಮೇಲೆ ಪ್ರಬಂಧ ಬರೆಯಲು ಹೇಳಿದರು. ಅವಳು ಹಂಪಿಯ ಕಲ್ಲಿನ ರಥವನ್ನು ವರ್ಣಿಸಿದ್ದು ಐವತ್ತು ರೂಪಾಯಿ ನೋಟಿನ ಹಿಂಬದಿಯನ್ನು ನೋಡಿಕೊಂಡು!

ಅವಳಿಗೆ ಯಾರೂ ಅನ್ಯಾಯ ಮಾಡಬೇಕೆಂದು ಮಾಡಿದ್ದಲ್ಲ. ಮೊದಲೇ ಯೋಚಿಸದಿದ್ದರೆ ಭಾರ ಇಳಿಯುವುದು ಇಲ್ಲವೆನ್ನಲು ಬಾರದವರ ಮೇಲೆ. ಮನೆಯಲ್ಲಿ ಅಂಥವರು ಸಾಮಾನ್ಯವಾಗಿ ಇಬ್ಬರು: ತಾಯಿ ಮತ್ತು ಹಿರಿಯ ಮಗಳು.

ತೂಕದ ಲೆಕ್ಕ

ಮಗುವಿನ ಭಾರವೆಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯ ಪ್ರಕಾರ ಮೂರು ತುಂಬಿದ ಮಗುವಿನ ಮಧ್ಯಮ ತೂಕ ಸುಮಾರು 14 ಕಿಲೋ, ನಾಲ್ಕು ತುಂಬಿದಾಗ ಸುಮಾರು 16 ಕಿಲೋ. ಮನೆಯ ಅಡುಗೆ ಸಿಲಿಂಡರಿನಲ್ಲಿ ತುಂಬುವ ಅನಿಲ 14.2 ಕಿಲೋ. ಅದಕ್ಕಿಂತ ಹೆಚ್ಚಿನ ಭಾರವನ್ನು ಸೊಂಟದ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು, ಬಿಸಿಲಿನಲ್ಲಿ ಒಂದು ಗಂಟೆ ನಡೆಯುವುದೆಂದರೆ ಏನೆಂದು ನಡೆದವರಿಗೇ ಗೊತ್ತು. ನಿದ್ದೆಹೋದ ಮಗುವಂತೂ ಎಚ್ಚರವಿದ್ದ ಮಗುವಿಗಿಂತ ಭಾರ ಎನಿಸುತ್ತದೆ. ತೂಕವೇನೂ ಹೆಚ್ಚಾಗಿರುವುದಿಲ್ಲ, ಕುತ್ತಿಗೆಗೆ ಕೈಹಾಕಿ ಹಿಡಿದುಕೊಳ್ಳುತ್ತಿದ್ದ ಮಗು ಹಿಡಿತ ಬಿಟ್ಟಿರುತ್ತದೆ.

ಗಾಡಿಗೂ ಒಂದು ಲೆಕ್ಕವಿದೆ. ಹಗುರವಾದ ಅನೇಕ ಗಾಡಿಗಳು 15 ಕಿಲೋ ತೂಕದ ಮಗುವಿಗೆಂದು ಮಾಡಿದವು. ಇನ್ನು ಕೆಲವು 22 ಕಿಲೋವರೆಗೆ ತಾಳುತ್ತವೆ. ಗಾಡಿಯ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇದು ಬರೆದಿರುತ್ತದೆ. ಎರಡು ವರ್ಷದಲ್ಲಿ ಕೊಂಡ ಗಾಡಿ ನಾಲ್ಕನೇ ವರ್ಷಕ್ಕೆ ಮಗುವಿನ ಭಾರ ತಾಳದೆ ಇರಬಹುದು. ಆದ್ದರಿಂದ ಅಟ್ಟದಿಂದ ಗಾಡಿ ಇಳಿಸಿದವರು ಮೊದಲು ಮಾಡಬೇಕಾದ ಕೆಲಸ ಆ ಚೀಟಿ ಓದುವುದು, ಮಗುವನ್ನು ತೂಗುವುದು. ಶಿವಮೊಗ್ಗದ ಹುಡುಗ 15 ಕಿಲೋ 800 ಗ್ರಾಂ ಇದ್ದ. ಚಿಕ್ಕಪ್ಪನ ಗಾಡಿಯ ಚೀಟಿಯಲ್ಲಿ 22 ಎಂದಿತ್ತು. ಮೊದಲ ಪರೀಕ್ಷೆ ಪಾಸಾಯಿತು.

ಈ ಮಡಚುವ ಗಾಡಿ ಹುಟ್ಟಿದ್ದೂ ಪ್ರಯಾಣದ ತಾಪತ್ರಯದಿಂದಲೇ. ಮಕ್ಕಳ ಗಾಡಿಯ ಕಥೆಯನ್ನು ಸಾಮಾನ್ಯವಾಗಿ 1733ರಿಂದ ಹೇಳುತ್ತಾರೆ. ಆಗ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಕೆಂಟ್, ಡ್ಯೂಕ್ ಒಬ್ಬನ ಮಕ್ಕಳಿಗಾಗಿ ಪ್ರಾಣಿ ಎಳೆಯುವ ಪುಟ್ಟ ರಥವನ್ನೇ ಮಾಡಿಕೊಟ್ಟಿದ್ದ. ಮುಂದೆ ಬಂದ ಪ್ರಾಮ್‌ಗಳು ಕೈಯಿಂದ ತಳ್ಳುವಂಥವಾದರೂ ತೊಟ್ಟಿಲಿನಷ್ಟು ದೊಡ್ಡವು, ಬಲು ಭಾರ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಚಕ್ರಗಳ ವಿನ್ಯಾಸದಲ್ಲಿ ದುಡಿದಿದ್ದ ಓವೆನ್ ಮೆಕ್ಲಾರೆನ್ ಎಂಬ ಎಂಜಿನಿಯರ್, ನಿವೃತ್ತರಾದ ಮೇಲೆ ಮಗಳು ಅಂಥ ಭಾರದ ಗಾಡಿಯೊಂದಿಗೆ ಪ್ರಯಾಣದಲ್ಲಿ ಪಡುವ ಪಾಡನ್ನು ಕಂಡರು. 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ, ಕೊಡೆಯಂತೆ ಮಡಚಿಕೊಳ್ಳುವ ಗಾಡಿಯನ್ನು ರೂಪಿಸಿದರು. ಅದರ ತೂಕ ಮೂರು ಕಿಲೋ ಕೂಡ ಇರಲಿಲ್ಲ. ವಿಮಾನದ ಚಕ್ರ ಮಡಚುವುದನ್ನು ಬಲ್ಲವರು ಮೊಮ್ಮಗುವಿನ ಗಾಡಿಯನ್ನು ಮಡಚಿದರು!

ನೆಲ ಹೇಳಿದ ಹಾಗೆ

ಆದರೆ ಮೆಕ್ಲಾರೆನ್ ಅವರ ಗಾಡಿ ಓಡಿದ್ದು ಸಮತಟ್ಟಾದ ಫುಟ್‌ಪಾತಿನ ಮೇಲೆ. ಚಿಕ್ಕಪ್ಪನ ಮಕ್ಕಳ ಗಾಡಿ ಅಮೆರಿಕದಲ್ಲಿ ಸಲೀಸಾಗಿ ಓಡಲೂ ಕಾರಣವಿದೆ. ಅಲ್ಲಿ 1990ರಲ್ಲಿ ಬಂದ ಅಂಗವಿಕಲರ ಹಕ್ಕಿನ ಕಾಯ್ದೆಯಂತೆ, ಹೊಸದಾಗಿ ಕಟ್ಟುವ ರಸ್ತೆಗಳ ಫುಟ್‌ಪಾತು ಮುಗಿಯುವ ಕಡೆ ಗಾಲಿಕುರ್ಚಿ ಇಳಿಯಲು ಇಳಿಜಾರು ಇರಲೇಬೇಕು. ಗಾಲಿಕುರ್ಚಿಗೆಂದು ಮಾಡಿದ ದಾರಿಯಲ್ಲಿ ಮಗುವಿನ ಗಾಡಿಯೂ ಸಾಗುತ್ತದೆ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದ್ದರೂ, ಒಂದಡಿ ಎತ್ತರದ ಫುಟ್‌ಪಾತು, ಅದರ ನಡುವೆ ಟ್ರಾನ್ಸ್‌ಫಾರ್ಮರು, ಎದ್ದುನಿಂತ ಚಪ್ಪಡಿಗಲ್ಲು ಇವೆಲ್ಲ ನಿತ್ಯ ಕಾಣುವ ನೋಟ. ಹೀಗಾಗಿ ಊರಿಂದೂರಿಗೆ, ಜಾಗದಿಂದ ಜಾಗಕ್ಕೆ ಉತ್ತರ ಬೇರೆಯಾಗುತ್ತದೆ. ಲಾಡ್ಜಿಗೋ ನೋಡಹೊರಟ ಸ್ಥಳಕ್ಕೋ ಫೋನ್ ಮಾಡಿದಾಗ "ಮಗುವಿನ ಗಾಡಿ ತರಬಹುದಾ?" ಎಂದು ಕೇಳಿದರೆ "ಓಹೋ ತನ್ನಿ" ಎಂಬ ಉತ್ತರ ಬರುತ್ತದೆ. "ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ?" ಎಂದು ಕೇಳಿ ನೋಡಿ. ಆಗ ನಿಜವಾದ ಉತ್ತರ ಸಿಗುತ್ತದೆ.

ಈಗ ಒಂಬತ್ತನೇ ತರಗತಿಯಲ್ಲಿರುವ ಅಕ್ಕನಿಗೆ ಅಪ್ಪ ಈ ಕೆಲಸ ಒಪ್ಪಿಸಿದರು. ಅವಳು ರಫ್ ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಮನೆ ಗೀಟು ಹಾಕಿದಳು: ನೆಲ ಹೇಗಿದೆ, ಮೆಟ್ಟಿಲು ಎಷ್ಟು, ಚಪ್ಪಲಿ ಬಿಡಬೇಕೆ, ಎಷ್ಟು ಹೊತ್ತು ನಡೆಯಬೇಕು. ಫೋನಿನಲ್ಲಿ ಕೇಳಿ, ಹೋಗಿಬಂದವರನ್ನು ವಿಚಾರಿಸಿ, ಫೋಟೋಗಳನ್ನು ನೋಡಿ ಒಂದೊಂದನ್ನೇ ತುಂಬಿದಳು.

ಮೊದಲನೆಯದು ಮೈಸೂರಿನ ಮೃಗಾಲಯ. 1892ರಲ್ಲಿ ಆರಂಭವಾದ ಈ ಮೃಗಾಲಯದೊಳಗೆ ಒಂದು ಸುತ್ತು ಬರಲು ಸುಮಾರು ಮೂರು ಕಿಲೋಮೀಟರ್ ನಡೆಯಬೇಕು. ದಾರಿ ಸಮತಟ್ಟು, ಮರಗಳ ನೆರಳಿದೆ. ನಡೆಯಲಾರದವರಿಗೆ ಹಣ ಕೊಟ್ಟು ಹತ್ತುವ ಬ್ಯಾಟರಿ ವಾಹನವೂ ಇದೆ. ಮಂಗಳವಾರ ರಜೆ. ಗಾಡಿ: ಹೌದು.

ಎರಡನೆಯದು ಅರಮನೆ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ ಇದು. ಹೊರಗಿನ ಅಂಗಳ ವಿಶಾಲ. ಆದರೆ ಚಪ್ಪಲಿ ಹೊರಗೇ ಬಿಟ್ಟು ಒಳಹೋದರೆ ಮೆಟ್ಟಿಲು ಹತ್ತಿ ಇಳಿದು ಜನರ ಸಾಲಿನೊಂದಿಗೆ ಸಾಗಬೇಕು. ಗಾಡಿ: ಇಲ್ಲ.

ಮೂರನೆಯದು ಚಾಮುಂಡಿ ಬೆಟ್ಟ. ಮೆಟ್ಟಿಲು ಹತ್ತುವುದಾದರೆ ಸಾವಿರ, ಬಸ್ಸಿನಲ್ಲಿ ಹೋದರೆ ದೇವಸ್ಥಾನದ ಸಾಲು. ಎರಡಕ್ಕೂ ಗಾಡಿ ಬೇಡ. ನಾಲ್ಕನೆಯದು ಕನ್ನಂಬಾಡಿಯ ಬೃಂದಾವನ. ನಡಿಗೆ ಬಹಳ, ತೋಟ ಹಂತ ಹಂತವಾಗಿ ಇಳಿಯುವುದರಿಂದ ಅಲ್ಲಲ್ಲಿ ಮೆಟ್ಟಿಲು, ಕಾರಂಜಿ ಮುಗಿದ ಮೇಲೆ ಕತ್ತಲಲ್ಲಿ ಒಟ್ಟಿಗೇ ಹೊರಡುವ ಜನ. ಅವಳು "ಅರ್ಧ" ಎಂದು ಬರೆದಳು.

ಐದನೆಯದು ಶ್ರವಣಬೆಳಗೊಳ. ವಿಂಧ್ಯಗಿರಿಯ ಬಂಡೆಯಲ್ಲಿ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಬೇಕು. ಹೊತ್ತೇರಿದರೆ ಬಂಡೆ ಕಾದ ಹೆಂಚಿನಂತಾಗುತ್ತದೆ. ಗಾಡಿಯ ಮಾತೇ ಇಲ್ಲ.

"ಐದರಲ್ಲಿ ಒಂದು ಹೌದು, ಒಂದು ಅರ್ಧ, ಮೂರು ಇಲ್ಲ. ಹಾಗಾದ್ರೆ ಬೇಡ ಅಲ್ವಾ ಅಮ್ಮ?" ಎಂದಳು ಅವಳು.

"ಜಾಗ ಎಣಿಸಬೇಡ ಕಣೇ, ಹೊತ್ತು ಎಣಿಸು" ಎಂದಳು ಅಮ್ಮ.

ಮಾತಿನಲ್ಲಿ ಸತ್ಯವಿತ್ತು. ಅರಮನೆಯಲ್ಲಿ ಒಂದು ಗಂಟೆ, ಬೆಟ್ಟದಲ್ಲಿ ಒಂದು ಗಂಟೆ ಹೇಗೋ ಸಾಗುತ್ತದೆ. ಮೃಗಾಲಯದ ಮೂರು ಗಂಟೆಯ ನಡಿಗೆಯ ಕೊನೆಯಲ್ಲೇ ಹುಡುಗನ ಮಧ್ಯಾಹ್ನದ ನಿದ್ದೆಯ ಹೊತ್ತು ಬರುತ್ತದೆ. ಹಂಪಿಯಲ್ಲಿ ಎಲ್ಲ ಎಡವಟ್ಟಾದದ್ದು ಆ ಹೊತ್ತಿನಲ್ಲೇ. ಪ್ರವಾಸದ ಪಟ್ಟಿಯಲ್ಲಿ ದೊಡ್ಡವರು ಊಟದ ಹೊತ್ತನ್ನು ಬರೆಯುತ್ತಾರೆ, ರೈಲಿನ ಹೊತ್ತನ್ನು ಬರೆಯುತ್ತಾರೆ. ಮಗುವಿನ ನಿದ್ದೆಯ ಹೊತ್ತನ್ನು ಬರೆಯುವವರು ಕಡಿಮೆ. ಅಕ್ಕ ಐದನೇ ಗೀಟು ಹಾಕಿ ಅದನ್ನೂ ಬರೆದಳು. ಗಾಡಿ ಬರುವುದೆಂದು ತೀರ್ಮಾನವಾಯಿತು. ಒಂದು ಷರತ್ತು: ಮಡಚಿದ ಗಾಡಿಯನ್ನು ಹೊರುವ ಕೆಲಸ ಅಪ್ಪನದು.

ಕೂರಿಸಿದ್ದೇ ಕೂರಿಸಿದ್ದಲ್ಲ

ಗಾಡಿಯಿದ್ದರೆ ಇನ್ನೊಂದು ಅಪಾಯವಿದೆ: ಮಗುವನ್ನು ಅದರಲ್ಲೇ ಕೂರಿಸಿಬಿಡುವ ಆಸೆ. ನಾಲ್ಕು ವರ್ಷದ ಮಗು ನೇರ ನಡೆಯುವುದಿಲ್ಲ. ಹತ್ತು ಹೆಜ್ಜೆ ಓಡುತ್ತದೆ, ಇರುವೆ ಸಾಲು ಕಂಡರೆ ಕೂರುತ್ತದೆ, ಕಲ್ಲು ಹೆಕ್ಕುತ್ತದೆ, ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುತ್ತದೆ. ದೊಡ್ಡವರಿಗೆ ಐದು ಜಾಗ ಮುಗಿಸುವ ಅವಸರ. ಆಗ ಗಾಡಿ ಹೊರುವುದು ಮಗುವಿನ ದಣಿವನ್ನಲ್ಲ, ದೊಡ್ಡವರ ಅವಸರವನ್ನು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಹೊರತಂದ ಮಾರ್ಗಸೂಚಿಯಲ್ಲಿ ಈ ವಿಷಯವೂ ಇದೆ. ಮೂರು-ನಾಲ್ಕು ವರ್ಷದ ಮಗುವನ್ನು ಗಾಡಿಯಲ್ಲಾಗಲಿ ಕುರ್ಚಿಯಲ್ಲಾಗಲಿ ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ದಿನಕ್ಕೆ ಒಟ್ಟು ಮೂರು ಗಂಟೆಯಾದರೂ ಅದು ಓಡಾಡಿಕೊಂಡಿರಬೇಕು. ಅದರಲ್ಲಿ ಒಂದು ಗಂಟೆಯಾದರೂ ಚುರುಕಾದ ಆಟ-ಓಟ ಇರಬೇಕು. ಹಗಲಿನದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ಆದ್ದರಿಂದ ನಡೆಯುವ ಮಗು ನಡೆಯಲಿ. ಗಾಡಿ ದಣಿವಿಗೆ ಮತ್ತು ನಿದ್ದೆಗೆ ಮಾತ್ರ ಇರಲಿ.

ಗಾಡಿಯನ್ನು ನಡೆಸುವಾಗ ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ನಿಲ್ಲಿಸಿದಾಗಲೆಲ್ಲ ಬ್ರೇಕ್ ಒತ್ತಬೇಕು. ರೈಲ್ವೆ ಪ್ಲಾಟ್‌ಫಾರಂನಲ್ಲಿ ಬ್ರೇಕ್ ಒತ್ತಿದರೂ ಒಂದು ಕೈ ಹಿಡಿಯ ಮೇಲಿರಬೇಕು, ಗಾಡಿ ಹಳಿಗೆ ಮುಖಮಾಡಿ ನಿಲ್ಲಬಾರದು. ಕೂರಿಸಿದೊಡನೆ ಬೆಲ್ಟ್ ಹಾಕಬೇಕು. ಎಸ್ಕಲೇಟರಿನಲ್ಲಿ ಗಾಡಿ ಒಯ್ಯಬಾರದು. ಲಿಫ್ಟ್ ಇಲ್ಲವಾದರೆ ಮಗುವನ್ನು ಇಳಿಸಿ, ಮಡಚಿ, ಮೆಟ್ಟಿಲಿನಲ್ಲಿ ಎತ್ತಿಕೊಂಡು ಹೋಗಬೇಕು. ಮಡಚುವಾಗ, ಬಿಡಿಸುವಾಗ ಮಗು ದೂರವಿರಬೇಕು. ಕೀಲುಗಳ ನಡುವೆ ಪುಟ್ಟ ಬೆರಳು ಸಿಕ್ಕಿದರೆ ಗಾಯ ದೊಡ್ಡದಾಗುತ್ತದೆ. ಬಿಸಿಲೆಂದು ಗಾಡಿಯ ಮೇಲೆ ಟವೆಲ್ಲನ್ನೋ ಶಾಲನ್ನೋ ಪೂರ್ತಿ ಹೊದಿಸುವುದು ಕೂಡದು. ನೆರಳೇನೋ ಆಗುತ್ತದೆ, ಗಾಳಿಯಾಡದೆ ಒಳಗೆ ಸೆಕೆ ಏರುತ್ತದೆ.

ಜಂಬೂಸವಾರಿ, ಜಾತ್ರೆ, ತೇರಿನಂಥ ಜನಸಂದಣಿಗೆ ಗಾಡಿ ಒಯ್ಯಲೇಬಾರದು. ಅಲ್ಲಿ ಮಗು ಜನರ ಮೊಣಕಾಲಿನ ಮಟ್ಟದಲ್ಲಿ ಸಿಕ್ಕಿಬೀಳುತ್ತದೆ. ನೂಕಾಟವಾದರೆ ಗಾಡಿ ತಿರುಗಿಸಲು ಜಾಗವಿರುವುದಿಲ್ಲ. ಅಂಥಲ್ಲಿ ಹೆಗಲೇ ಸರಿ. ಎಲ್ಲಿಗೇ ಹೋದರೂ ತಂದೆತಾಯಿಯ ಫೋನ್ ನಂಬರ್ ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ತಪ್ಪಿಸಿಕೊಂಡರೆ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ, ರೈಲಿನಲ್ಲಾದರೆ 139ಕ್ಕೋ ಕರೆ ಮಾಡಬೇಕೆಂಬುದು ದೊಡ್ಡ ಮಕ್ಕಳಿಗೂ ಗೊತ್ತಿರಲಿ.

ರೈಲು, ವಿಮಾನ

ರೈಲಿನಲ್ಲಿ ಐದು ವರ್ಷ ತುಂಬದ ಮಗುವಿಗೆ ಟಿಕೆಟ್ ಬೇಡ. ಪ್ರತ್ಯೇಕ ಸೀಟೂ ಇಲ್ಲ. ಹಾಗಾಗಿ ಪ್ರಯಾಣದುದ್ದಕ್ಕೂ ಮಗು ಯಾರದೋ ತೊಡೆಯ ಮೇಲೆ, ನಿಲ್ದಾಣದಲ್ಲಿಳಿದಾಗ ಆ ತೊಡೆಯವರೂ ದಣಿದಿರುತ್ತಾರೆ. ಬೋಗಿಯ ಮೆಟ್ಟಿಲು ಕಡಿದು, ಬಾಗಿಲು ಕಿರಿದು. ಒಂದೇ ಕೈಯಲ್ಲಿ ಮಡಚಬಹುದಾದ, ಸೀಟಿನ ಕೆಳಗೆ ತೂರುವ ಗಾಡಿಯಾದರೆ ಮಾತ್ರ ರೈಲಿಗೆ ಲಾಯಕ್ಕು. ಮನೆಯಲ್ಲೇ ನಾಲ್ಕು ಸಲ ಮಡಚಿ ಬಿಡಿಸಿ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ರೈಲು ಎರಡು ನಿಮಿಷ ನಿಲ್ಲುವ ಕಡೆ ಕಲಿಯಲು ಪುರಸೊತ್ತಿರುವುದಿಲ್ಲ.

ವಿಮಾನದ ಮಾತು ಬೇರೆ. ಎರಡು ವರ್ಷ ತುಂಬಿದ ಮಗುವಿಗೆ ಸೀಟು ಕೊಳ್ಳಲೇಬೇಕು. ದೊಡ್ಡ ನಿಲ್ದಾಣಗಳಲ್ಲಿ ನಡಿಗೆ ಬಹಳ, ನೆಲ ನುಣುಪು. ಗಾಡಿಗೆ ಹೇಳಿಮಾಡಿಸಿದ ಜಾಗ. ಅನೇಕ ವಿಮಾನ ಕಂಪನಿಗಳು ಮಕ್ಕಳ ಗಾಡಿಯನ್ನು ವಿಮಾನದ ಬಾಗಿಲಿನವರೆಗೆ ಬಿಟ್ಟು, ಅಲ್ಲಿ ಪಡೆದು ಕೆಳಗೆ ಸಾಮಾನಿನೊಂದಿಗೆ ಇಡುತ್ತವೆ. ನಿಯಮ ಕಂಪನಿಗೊಂದು, ಮಗುವಿನ ವಯಸ್ಸಿನ ಮಿತಿಯೂ ಇರಬಹುದು. ಟಿಕೆಟ್ ಕೊಳ್ಳುವಾಗಲೇ ಕೇಳಬೇಕು. ಇನ್ನೊಂದು ಪ್ರಶ್ನೆಯನ್ನೂ ಮರೆಯಬಾರದು: ಇಳಿದಾಗ ಗಾಡಿ ವಿಮಾನದ ಬಾಗಿಲಲ್ಲೇ ಸಿಗುತ್ತದೆಯೋ ಅಥವಾ ಸಾಮಾನು ಬರುವ ಬೆಲ್ಟಿನಲ್ಲೋ? ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗುವವರು, ಅಲ್ಲಿಂದ ಊರಿಗೆ ಬರುವವರು ನಡುವೆ ವಿಮಾನ ಬದಲಿಸುವುದಿದ್ದರೆ ಈ ಉತ್ತರದ ಮೇಲೆ ಎಲ್ಲ ನಿಂತಿದೆ. ಭದ್ರತಾ ತಪಾಸಣೆಯಲ್ಲಿ ಮಗುವನ್ನು ಇಳಿಸಿ, ಗಾಡಿ ಮಡಚಿ ಕೊಡಬೇಕಾಗುತ್ತದೆ. ನಿದ್ದೆಯಲ್ಲಿದ್ದರೂ ಬಿಡುವುದಿಲ್ಲ.

ಗಾಡಿ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ಕೊಳ್ಳಲೇಬೇಕೆಂದೇನೂ ಇಲ್ಲ. ದಿನಕ್ಕೆ ಎರಡೇ ಜಾಗ ನೋಡುವುದು, ಊಟವಾದ ಮೇಲೆ ಎರಡು ಗಂಟೆ ರೂಮಿಗೆ ಬಂದು ಮಲಗುವುದು, ಮೃಗಾಲಯದಂಥಲ್ಲಿ ಬ್ಯಾಟರಿ ವಾಹನ ಹಿಡಿಯುವುದು, ಕೂಸುಮರಿ ಹೊರುವ ಸರದಿಯನ್ನು ಗಡಿಯಾರ ನೋಡಿ ಬದಲಿಸುವುದು ಇವಿಷ್ಟೇ ಸಾಕು. ಬೆನ್ನಿನ ಮೇಲಿನ ಕೂಸುಮರಿ ಸೊಂಟದ ಮೇಲೆ ಒಂದೇ ಪಕ್ಕಕ್ಕೆ ಎತ್ತಿಕೊಳ್ಳುವುದಕ್ಕಿಂತ ಹಗುರ ಎನಿಸುತ್ತದೆ. ಭಾರ ಎರಡೂ ಕಡೆಗೆ ಹಂಚಿಹೋಗುತ್ತದೆ. ಮುಖ್ಯವಾದದ್ದು ಸರದಿ. ಹೈಸ್ಕೂಲು, ಕಾಲೇಜಿನ ಮಕ್ಕಳೂ ಸರದಿಯಲ್ಲಿ ಸೇರಲಿ, ತಪ್ಪಲ್ಲ. ಹತ್ತು ನಿಮಿಷ ತಮ್ಮನನ್ನೋ ತಂಗಿಯನ್ನೋ ಹೊತ್ತವರಿಗೆ ತಾಯಿ ಹೊತ್ತದ್ದು ಎಷ್ಟೆಂದು ತಿಳಿಯುತ್ತದೆ. ಆದರೆ ಸರದಿ ಎಂದ ಮೇಲೆ ಅದು ಮುಗಿಯಲೂ ಬೇಕು.

ಹೋಗಿಬಂದ ಮೇಲೆ

ಮೈಸೂರಿನಲ್ಲಿ ಆದದ್ದಿಷ್ಟು. ಮೃಗಾಲಯದಲ್ಲಿ ಹುಡುಗ ಮೊದಲ ಎರಡು ಗಂಟೆ ಗಾಡಿಯಲ್ಲಿ ಕೂರಲೇ ಇಲ್ಲ. ತಾನೇ ತಳ್ಳುತ್ತೇನೆಂದು ಹಟಮಾಡಿದ. ಖಾಲಿ ಗಾಡಿ ಏಕೆ ಎಂದು ಹಿಡಿಗೆ ಎರಡು ಚೀಲ, ನೀರಿನ ಬಾಟಲಿ ತೂಗುಹಾಕಿದರು. ಜಿರಾಫೆಯ ಮುಂದೆ ಅವನು ಹತ್ತಿ ಕುಳಿತವನು, ಮತ್ತೆ ಛಂಗನೆ ಹಾರಿದ. ಚೀಲಗಳ ಭಾರಕ್ಕೆ ಗಾಡಿ ಹಿಂದಕ್ಕೆ ಮಗುಚಿಕೊಂಡಿತು. ಹುಡುಗ ಅದರಲ್ಲಿ ಇರಲಿಲ್ಲ, ಅದು ಪುಣ್ಯ. ಅಂದಿನಿಂದ ಚೀಲ ಅಪ್ಪನ ಹೆಗಲಿಗೇ ಹೋಯಿತು. ಹಿಡಿಗೆ ಚೀಲ ತೂಗುಹಾಕಬಾರದೆಂಬ ಮಾತು ಗಾಡಿಯ ಚೀಟಿಯಲ್ಲೇ ಇತ್ತು. ತೂಕ ಓದಿದವರು ಅದನ್ನು ಓದಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಅವನು ಗಾಡಿಯಲ್ಲಿ ಒರಗಿ ನಿದ್ದೆಹೋದ. ಮುಕ್ಕಾಲು ಗಂಟೆ ಮಲಗಿದ. ಆ ಮುಕ್ಕಾಲು ಗಂಟೆಯಲ್ಲಿ ಅಜ್ಜಿ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತರು. ಅಮ್ಮ, ಮಗಳು ಇಬ್ಬರೂ ಹೋಗಿ ಹಕ್ಕಿಗಳ ಪಂಜರಗಳನ್ನು ನಿಧಾನವಾಗಿ ನೋಡಿ ಬಂದರು. ಬೃಂದಾವನಕ್ಕೆ ಗಾಡಿ ಒಯ್ಯಲಿಲ್ಲ. ಅಲ್ಲಿ ಕೊನೆಗೆ ಅಪ್ಪ, ಅಮ್ಮ ಸರದಿಯ ಮೇಲೆ ಹೊತ್ತರು.

ಶ್ರವಣಬೆಳಗೊಳಕ್ಕೆ ಕಾರು ಗೊತ್ತುಮಾಡಿ ನಸುಕಿನಲ್ಲೇ ಹೊರಟರು. ಗಾಡಿ ಕಾರಿನ ಡಿಕ್ಕಿಯಲ್ಲೇ ಉಳಿಯಿತು, ಅಜ್ಜಿ ಕೆಳಗೆ ಕಲ್ಯಾಣಿಯ ಬಳಿ ಕುಳಿತರು. ಹುಡುಗ ಬರಿಗಾಲಲ್ಲಿ ಮೆಟ್ಟಿಲು ಎಣಿಸುತ್ತ ಹತ್ತಿದ. ಅವನಿಗೆ ಬರುತ್ತಿದ್ದದ್ದು ಐವತ್ತರವರೆಗೆ. ಮುಗಿದೊಡನೆ ಮತ್ತೆ ಒಂದರಿಂದ ಶುರು. ಮೂರನೇ ಐವತ್ತರ ನಡುವೆ ಕುಳಿತುಬಿಟ್ಟ. ಅಕ್ಕ ಅಭ್ಯಾಸಬಲದಿಂದ ಅವನ ಪಕ್ಕ ಕೂರಲು ಬಾಗಿದಳು.

"ನೀನು ಹೋಗು. ನಾನು ಕಾಲೇಜಿನಲ್ಲಿದ್ದಾಗಲೇ ನೋಡಿದ್ದೀನಿ" ಎಂದರು ಅಪ್ಪ. ಮಗನನ್ನು ಪಕ್ಕಕ್ಕೆ ಎಳೆದುಕೊಂಡು ಮೆಟ್ಟಿಲ ಅಂಚಿನಲ್ಲಿ ಕುಳಿತರು. ತಾಯಿ, ಮಗಳು ಹತ್ತಿಹೋದರು.

ನಾಲ್ಕು ದಿನದಲ್ಲಿ ಹುಡುಗ ಗಾಡಿಯಲ್ಲಿ ಕುಳಿತದ್ದು ಒಟ್ಟು ಎರಡು ಗಂಟೆ ಇರಬಹುದು. ಉಳಿದ ಹೊತ್ತೆಲ್ಲ ಅಪ್ಪನೇ ಅದನ್ನು ಹೊತ್ತರು. ಎರಡು ಗಂಟೆಗಾಗಿ ಅಷ್ಟು ದೂರ ಒಯ್ಯಬೇಕಿತ್ತೆ ಎಂದು ಅಜ್ಜಿ ಇನ್ನೂ ಕೇಳುತ್ತಾರೆ. ಸೊಸೆ, ಈ ಸಲ ಸೊಂಟ ನೋಯಲಿಲ್ಲ ಎಂದಷ್ಟೇ ಹೇಳುತ್ತಾಳೆ. ಮುಂದಿನ ವರ್ಷದ ಹೊತ್ತಿಗೆ ಹುಡುಗನಿಗೆ ಐದು; ಆಗ ಗಾಡಿ ಮತ್ತೆ ಅಟ್ಟ ಸೇರಬಹುದು. ಗೀಟು ಹಾಕಿದ ಆ ಪುಟ ಮಾತ್ರ ಇರಬೇಕಾದದ್ದು.

ಶಾಲೆ ತೆರೆದ ಮೇಲೆ ಅಕ್ಕ ಪ್ರಬಂಧ ಬರೆದಳು. ಗೊಮ್ಮಟ ಸುಮಾರು 58 ಅಡಿ ಎತ್ತರ, ಚಾವುಂಡರಾಯ ಮಾಡಿಸಿದ್ದು, ಕಾಲ 981ರ ಸುಮಾರು ಎಂಬುದೆಲ್ಲ ಪಾಠದಲ್ಲೇ ಇರುವಂಥದು. ಅದನ್ನು ಎರಡು ಸಾಲಿನಲ್ಲಿ ಮುಗಿಸಿದಳು. ಆಮೇಲೆ ಅರ್ಧ ಪುಟ ಬರೆದದ್ದು ಪಾದದ ಬಳಿಯ ಹುತ್ತ, ಅದರಿಂದ ಹೊರಬರುವ ಹಾವು, ತೊಡೆ ತೋಳುಗಳನ್ನು ಸುತ್ತಿ ಮೇಲೇರುವ ಬಳ್ಳಿಯ ಬಗ್ಗೆ. ಈ ಸಲ ಯಾವ ನೋಟನ್ನೂ ನೋಡಿಕೊಳ್ಳಬೇಕಾಗಿರಲಿಲ್ಲ.